ಕಡತ, ವಕೀಲ, ಹರಿಕಾರ: ನಮ್ಮ ರಾಜತಂತ್ರದ ಕಾಗದಗಳ ಜಾಡಿನಲ್ಲಿ

(ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಗೆಳೆಯರೇ,

ಕಡತ, ವಕೀಲ, ಹರಿಕಾರ. ಮೂರೂ ನಾವು ದಿನನಿತ್ಯ ಬಳಸುವ ಮಾತುಗಳು. ಕಚೇರಿಯಲ್ಲಿ ಕಡತ ಮುಂದಕ್ಕೆ ಸರಿಯಲಿಲ್ಲ ಎನ್ನುತ್ತೇವೆ. ಜಮೀನಿನ ತಕರಾರು ಬಂದರೆ ವಕೀಲರ ಮನೆಗೆ ಹೋಗುತ್ತೇವೆ. ಹೊಸ ದಾರಿ ತೋರಿದವರನ್ನು ಹರಿಕಾರರು ಎಂದು ಗೌರವಿಸುತ್ತೇವೆ. ಹದಿನೆಂಟನೆಯ ಶತಮಾನದ ಶ್ರೀರಂಗಪಟ್ಟಣದಲ್ಲಿ ನಿಂತು ಇವೇ ಮಾತುಗಳನ್ನು ಆಡಿದ್ದರೆ ಕೇಳಿದವರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಿದ್ದರು. ಅಂದು ವಕೀಲನೆಂದರೆ ತನ್ನ ದೊರೆಯ ಪರವಾಗಿ ಪುಣೆಯಲ್ಲೋ ಹೈದರಾಬಾದಿನಲ್ಲೋ ದರ್ಬಾರಿನಲ್ಲಿ ಕುಳಿತ ರಾಯಭಾರಿ. ಹರಕಾರನೆಂದರೆ ಕಾಗದ ಹೊತ್ತು ಓಡುವವನು, ದಾರಿಯಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಒಡೆಯನಿಗೆ ಮುಟ್ಟಿಸುವವನು. ಕಡತವೆಂದರೆ ಬಟ್ಟೆಯ ಪುಸ್ತಕ.

ಆ ಬಟ್ಟೆಯ ಪುಸ್ತಕವನ್ನು ನಾನು ಮೊದಲು ಕೈಯಲ್ಲಿ ಹಿಡಿದದ್ದು ಮಲೆನಾಡಿನ ಒಂದು ಹಳೆಯ ಶಾನುಭೋಗರ ಮನೆಯಲ್ಲಿ. ಉದ್ದನೆಯ ಬಟ್ಟೆಯ ಪಟ್ಟಿಗೆ ಹುಣಸೆ ಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಎರಡೂ ಬದಿಗೆ ಬಳಿದು ಒಣಗಿಸಿರುತ್ತಾರೆ. ಬಟ್ಟೆ ರಟ್ಟಿನ ಹಾಗೆ ಬಿರುಸಾಗುತ್ತದೆ. ಅದನ್ನು ಹಿಂದಕ್ಕೂ ಮುಂದಕ್ಕೂ ಮಡಿಸುತ್ತ ಹೋದರೆ ಹಾಳೆಗಳಾಗುತ್ತವೆ. ಬರೆಯುವುದು ಬಳಪದಲ್ಲಿ. ಕಪ್ಪು ಮೈಯ ಮೇಲೆ ಬೂದು ಬಿಳುಪಿನ ಅಕ್ಷರಗಳು, ನೇರವಾಗಿ ನೋಡಿದರೆ ಅರ್ಧ ಕಾಣುವುದಿಲ್ಲ, ಕಿಟಕಿಯ ಕಡೆಗೆ ಸ್ವಲ್ಪ ಓರೆ ಮಾಡಿ ಹಿಡಿದರೆ ಸಾಲಿಗೆ ಸಾಲು ಎದ್ದು ಬರುತ್ತದೆ. ಒದ್ದೆ ಬಟ್ಟೆ ತಾಗಿಸಿದರೆ ಬರಹ ಅಳಿಸಿಹೋಗುತ್ತದೆ. ಒಣ ಜಾಗದಲ್ಲಿಟ್ಟರೆ ತಲೆಮಾರುಗಳ ಕಾಲ ಉಳಿಯುತ್ತದೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ (ದರ್ಬಾರಿನಲ್ಲಿದ್ದ ಅವರ ಪ್ರತಿನಿಧಿ) ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಇತಿಹಾಸದ ಮೊದಲ ಸಂಪುಟವನ್ನು 1810ರಲ್ಲಿ ಪ್ರಕಟಿಸಿದಾಗ, ತಾನು ಆಧರಿಸಿದ ಸಾಮಗ್ರಿಯ ಮಾತು ಬಂದಲ್ಲಿ ಈ ಕಡತವನ್ನು ವಿವರವಾಗಿ ವರ್ಣಿಸಿದ. ಬಳಪ ಎಂಬ ಕನ್ನಡ ಪದವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಹಾಗೆಯೇ ಉಳಿಸಿದ. ಇಂದು ಸರ್ಕಾರಿ ಮೇಜಿನ ಮೇಲಿರುವ ಫೈಲಿಗೆ ನಾವು ಕಡತ ಎನ್ನುವಾಗ ಈ ಕಪ್ಪು ಬಟ್ಟೆಯನ್ನೇ ನೆನೆಯುತ್ತಿದ್ದೇವೆ.

ವಸಾಹತು ಕಾಲದ ಚರಿತ್ರೆಯನ್ನೂ ರಾಜತಂತ್ರದ ಚರಿತ್ರೆಯನ್ನೂ ಓದಲು ಹೊರಟವರಿಗೆ ನಾನು ಹೇಳುವುದು ಒಂದೇ ಮಾತು. ಒಂದು ಕಾಗದದ ಒಕ್ಕಣೆಯನ್ನು ಓದುವ ಮೊದಲು ಅದು ಈಗ ಎಲ್ಲಿದೆ, ಅಲ್ಲಿಗೆ ಯಾರು ಒಯ್ದರು, ಯಾವ ಕಟ್ಟಿನೊಳಗೆ ಸೇರಿಸಿದರು ಎಂದು ಕೇಳಿ. ಕನ್ನಡ ನಾಡಿನ ಮಟ್ಟಿಗೆ ಕಾಗದಗಳ ಈ ಅಲೆದಾಟವೇ ಅರ್ಧ ಚರಿತ್ರೆ.

ಉದಾಹರಣೆಗೆ ಉತ್ತರ ಕನ್ನಡದ ತದಡಿಗೆ ಬನ್ನಿ. ಅಘನಾಶಿನಿ ಕಡಲು ಸೇರುವ ಜಾಗ. ಇಂದು ಅಲ್ಲಿ ಮೀನುಗಾರರ ದೋಣಿಗಳಿವೆ. 1786ರ ಮಾರ್ಚ್ ತಿಂಗಳಲ್ಲಿ ಇದೇ ಅಳಿವೆಯಿಂದ ಟಿಪ್ಪು ಸುಲ್ತಾನನ ರಾಯಭಾರ ಇಸ್ತಾನ್‌ಬುಲ್ಲಿಗೆ ಹೊರಟಿತು. ನಾಲ್ಕು ಹಡಗುಗಳು, ಸುಮಾರು 900 ಜನ, ಮುಂದಾಳಾಗಿ ಗುಲಾಂ ಅಲಿ ಖಾನ್. ಹಡಗಿನ ಹೊಟ್ಟೆಯಲ್ಲಿ ದಾರಿಯ ಬಂದರುಗಳಲ್ಲಿ ಮಾರಲು ಶ್ರೀಗಂಧ, ಕಾಳುಮೆಣಸು, ಏಲಕ್ಕಿ. ಜೊತೆಗೆ ನಾಲ್ಕು ಆನೆಗಳು. ಅವುಗಳಲ್ಲಿ ಒಂದೂ ಇಸ್ತಾನ್‌ಬುಲ್ ತಲುಪಲಿಲ್ಲ. ರಾಯಭಾರಿಗಳು ಆಟೋಮನ್ ರಾಜಧಾನಿ ಸೇರಿದ್ದು 1787ರ ಸೆಪ್ಟೆಂಬರಿನಲ್ಲಿ. ಅವರು ಕೇಳಿದ ಮುಖ್ಯ ಸಂಗತಿ ಇಂದಿಗೂ ನನ್ನನ್ನು ಬೆರಗುಗೊಳಿಸುತ್ತದೆ: ಬಸ್ರಾ ಬಂದರನ್ನು ಮೈಸೂರಿಗೆ ಗುತ್ತಿಗೆಗೆ ಕೊಡಿ, ಪ್ರತಿಯಾಗಿ ನಮ್ಮ ಕರಾವಳಿಯಲ್ಲಿ ನಿಮಗೊಂದು ಬಂದರನ್ನು ಕೊಡುತ್ತೇವೆ. ಸುಲ್ತಾನ ಅಬ್ದುಲ್ ಹಮೀದ್ ಅದಕ್ಕೆ ಒಪ್ಪಲಿಲ್ಲ. ಅದೇ ವರ್ಷ ರಷ್ಯಾದೊಡನೆ ಯುದ್ಧ ಶುರುವಾಗಿತ್ತು, ಇಂಗ್ಲಿಷರ ಮನಸ್ಸು ನೋಯಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಪ್ಲೇಗು ರಾಯಭಾರದವರನ್ನು ಗುಂಪುಗುಂಪಾಗಿ ಕೊಂದಿತು. ಈಜಿಪ್ಟ್, ಮೆಕ್ಕಾಗಳ ದಾರಿ ಹಿಡಿದು 1789ರ ಕೊನೆಗೆ ಊರು ಕಂಡವರು ಬಹಳ ಕಡಿಮೆ.

ಇಷ್ಟು ದೊಡ್ಡ ಯಾತ್ರೆಯ ಕಾಗದಗಳು ಎಲ್ಲಿವೆ? ತದಡಿಯಲ್ಲಿ ಇಲ್ಲ, ಶ್ರೀರಂಗಪಟ್ಟಣದಲ್ಲೂ ಇಲ್ಲ. ರಾಯಭಾರದ ಕಾರ್ಯದರ್ಶಿ ಖ್ವಾಜಾ ಅಬ್ದುಲ್ ಖಾದಿರ್ ಪರ್ಷಿಯನ್ನಿನಲ್ಲಿ ಬರೆದ ದಿನಚರಿ ಕೊಲ್ಕತ್ತದ ಏಷ್ಯಾಟಿಕ್ ಸೊಸೈಟಿಯಲ್ಲಿ ಸಿಕ್ಕಿತು. ಮೊಹಿಬ್ಬುಲ್ ಹಸನ್ ಅದನ್ನು ಸಂಪಾದಿಸಿ 1968ರಲ್ಲಿ ಪ್ರಕಟಿಸಿದರು. ಟಿಪ್ಪುವಿನ ಪತ್ರಗಳೂ ಅವುಗಳ ಬಗ್ಗೆ ನಡೆದ ಆಲೋಚನೆಯೂ ಇಸ್ತಾನ್‌ಬುಲ್ಲಿನ ಆಟೋಮನ್ ಪತ್ರಾಗಾರದಲ್ಲಿವೆ. ಆ ನಗರದಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದ ರಾಬರ್ಟ್ ಐನ್ಸ್‌ಲಿಯ ವರದಿಗಳನ್ನು ನೋಡಬೇಕಾದರೆ ಲಂಡನ್ನಿನ ಕ್ಯೂ ಪ್ರದೇಶದಲ್ಲಿರುವ ಬ್ರಿಟಿಷ್ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಬೇಕು. ಬಸ್ರಾದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕೋಠಿಯ, ಅಂದರೆ ವ್ಯಾಪಾರ ಕೇಂದ್ರದ, ಕಾಗದಗಳಾದರೆ ಅದೇ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಇಂಡಿಯಾ ಆಫೀಸ್ ದಾಖಲೆಗಳ ನಡುವೆ. ತದಡಿಯ ಒಂದು ಬೆಳಗು ನಾಲ್ಕು ಕಡೆ ಹರಿದು ಹಂಚಿಹೋಗಿದೆ. ಈ ನಾಲ್ಕರಲ್ಲಿ ಒಂದನ್ನೇ ಓದಿದವರಿಗೆ ಒಂದು ಬಗೆಯ ಟಿಪ್ಪು ಸಿಗುತ್ತಾನೆ. ಐನ್ಸ್‌ಲಿಯ ಕಣ್ಣಿಗೆ ಅದು ಇಂಗ್ಲಿಷರ ವಿರುದ್ಧದ ಹೂಟ. ಕಾರ್ಯದರ್ಶಿಯ ದಿನಚರಿಯಲ್ಲಿ ಕಾಣುವುದು ಮಸ್ಕತ್‌ನಲ್ಲಿ ಸರಕು ಮಾರುವ ಲೆಕ್ಕ, ಹಡಗಿನ ಅವಘಡ, ಜೊತೆಯವರ ಜಗಳ. ನನಗೆ ಎರಡನೆಯದು ಹೆಚ್ಚು ಬೆಲೆಯುಳ್ಳದ್ದು ಎನಿಸಿದೆ, ಏಕೆಂದರೆ ಮೈಸೂರಿನಂಥ ನೆಲದೊಳಗಿನ ಸಂಸ್ಥಾನ ಕಡಲ ವ್ಯಾಪಾರವನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿತ್ತು ಎಂಬುದು ಆ ಲೆಕ್ಕಗಳಿಂದಲೇ ತಿಳಿಯುತ್ತದೆ.

ಶ್ರೀರಂಗಪಟ್ಟಣದಲ್ಲಿ ಕಾಗದ ಏಕಿಲ್ಲ ಎಂಬುದಕ್ಕೆ ಉತ್ತರ ಒಂದು ದಿನಾಂಕದಲ್ಲಿದೆ: 4 ಮೇ 1799. ಕೋಟೆ ಬಿದ್ದ ಮೇಲೆ ಅರಮನೆಯ ಚಿನ್ನ, ಸಿಂಹಾಸನದ ತುಂಡುಗಳ ಜೊತೆಗೆ ಕಾಗದವೂ ಗೆದ್ದವರ ಪಾಲಾಯಿತು. ಸುಮಾರು 2,000 ಗ್ರಂಥಗಳಿದ್ದ ಟಿಪ್ಪುವಿನ ಪುಸ್ತಕ ಭಂಡಾರದ ಬಹುಭಾಗ ಕೊಲ್ಕತ್ತದ ಫೋರ್ಟ್ ವಿಲಿಯಂ ಕಾಲೇಜಿಗೆ ಹೋಯಿತು. ಚಾರ್ಲ್ಸ್ ಸ್ಟುವರ್ಟ್ ಅದರ ವಿವರಣಾತ್ಮಕ ಸೂಚಿಯನ್ನು 1809ರಲ್ಲಿ ಅಚ್ಚು ಹಾಕಿಸಿದ. ಟಿಪ್ಪು ತನ್ನ ಕನಸುಗಳನ್ನು ಸ್ವಂತ ಕೈಯಿಂದ ಬರೆದಿಟ್ಟ ಸಣ್ಣ ಪುಸ್ತಕ ಮಲಗುವ ಕೋಣೆಯಲ್ಲಿ ಸಿಕ್ಕಿ ಲಂಡನ್ ಸೇರಿತು. 37 ಕನಸುಗಳಿರುವ ಆ ಪುಸ್ತಕವನ್ನು ಯಾರಾದರೂ ಹತ್ತಿರ ಬಂದರೆ ಸುಲ್ತಾನ ಮರೆಮಾಡುತ್ತಿದ್ದನೆಂದು ಅವನ ಮುನ್ಷಿ ಹಬೀಬುಲ್ಲಾ ಹೇಳಿದ್ದಾನೆ. ಒಬ್ಬ ಮನುಷ್ಯನ ಇಷ್ಟು ಗುಟ್ಟಿನ ವಸ್ತು ಯುದ್ಧದ ಲೂಟಿಯಾಗಿ ದಾಖಲೆಯ ಸಂಖ್ಯೆ ಪಡೆದದ್ದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಕಲಕುತ್ತದೆ.

ಪತ್ರ ವ್ಯವಹಾರದ ಕಾಗದಗಳು ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಕೈಗೆ ಬಂದವು. ಅವನು ಪರ್ಷಿಯನ್ ಬಲ್ಲವನು. 1811ರಲ್ಲಿ ಟಿಪ್ಪುವಿನ ಆಯ್ದ ಪತ್ರಗಳ ಅನುವಾದವನ್ನು ಲಂಡನ್ನಿನಲ್ಲಿ ಹೊರತಂದ. ‘ಆಯ್ದ’ ಎಂಬ ಪದವನ್ನು ದಯವಿಟ್ಟು ಗೆರೆ ಹಾಕಿ ಓದಿ. ಆಯ್ದವನು ಮುನ್ನುಡಿಯಲ್ಲಿಯೇ ಟಿಪ್ಪು ಕ್ರೂರ ಶತ್ರು, ಮತಾಂಧ ಎಂದು ತೀರ್ಪು ಕೊಟ್ಟಾಗಿದೆ. ಪತ್ರಗಳು ಆ ತೀರ್ಪಿಗೆ ಸಾಕ್ಷಿಗಳಾಗಿ ಬರುತ್ತವೆ. ಹಾಗೆಂದು ಆ ಪುಸ್ತಕವನ್ನು ಪಕ್ಕಕ್ಕೆ ಸರಿಸಿದರೆ ನಷ್ಟ ನಮ್ಮದೇ. ಅದರೊಳಗೆ ಮಸ್ಕತ್‌ನಲ್ಲಿದ್ದ ಮೈಸೂರಿನ ವ್ಯಾಪಾರ ಪ್ರತಿನಿಧಿಗೆ ಬರೆದ ಪತ್ರಗಳಿವೆ. ರೇಷ್ಮೆಹುಳುಗಳನ್ನೂ ಅವುಗಳನ್ನು ಸಾಕಬಲ್ಲವರನ್ನೂ ಕಳಿಸು ಎಂಬ ಆಜ್ಞೆ ಇದೆ. ಬಂಗಾಳದಿಂದ ತರಿಸಿದ ಹುಳುಗಳಿಗೆ ಶ್ರೀರಂಗಪಟ್ಟಣದಲ್ಲಿ ಜಾಗ ಸಿದ್ಧಮಾಡುವ ಮಾತಿದೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಇಂದು ನಿಲ್ಲುವ ರೈತನ ಕಸುಬಿನ ಬೇರುಗಳಲ್ಲೊಂದು, ನಿರಂಕುಶನನ್ನು ತೋರಿಸಲೆಂದು ಆರಿಸಿದ ಪತ್ರಗಳೊಳಗೆ ಕುಳಿತಿದೆ. ಆರಿಸಿದವನ ಕಣ್ಣಿಗೆ ಅದು ಮುಖ್ಯವಾಗಿ ಕಂಡಿರಲಾರದು. ಓದುವ ನಾವು ಕನ್ನಡದವರಾಗಿದ್ದರಿಂದ ಅದು ನಮಗೆ ಕಾಣುತ್ತದೆ.

ಇನ್ನು ಒಯ್ಯಲಾಗದೆ ಉಳಿದ ಕಾಗದಗಳ ವಿಷಯ. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರಿಗೆ ಶೃಂಗೇರಿ ಮಠದಲ್ಲಿ ಒಂದು ಕಟ್ಟು ಪತ್ರಗಳು ಸಿಕ್ಕವು. ಟಿಪ್ಪು ಮಠದ ಸ್ವಾಮಿಗಳಿಗೆ ಬರೆಸಿದವು, ಭಾಷೆ ಕನ್ನಡ. 1791ರಲ್ಲಿ ಪರಶುರಾಮ ಭಾವುವಿನ ಕಡೆಯ ಮರಾಠಾ ಸವಾರರು ಶೃಂಗೇರಿಯನ್ನು ಲೂಟಿ ಮಾಡಿ ಶಾರದೆಯ ವಿಗ್ರಹಕ್ಕೂ ಕೈಹಾಕಿದ್ದರು. ಸ್ವಾಮಿಗಳು ಕಾರ್ಕಳಕ್ಕೆ ಹೋಗಿ ನೆಲೆಸಬೇಕಾಯಿತು. ಮರುಪ್ರತಿಷ್ಠೆಗೆ ನಗರ (ಬಿದನೂರು) ಸೀಮೆಯ ಅಧಿಕಾರಿಯಾದ ಅಸಫನ ಮೂಲಕ 200 ರಾಹತಿ (ಅಂದಿನ ನಾಣ್ಯ) ನಗದನ್ನೂ ಧಾನ್ಯವನ್ನೂ ಕೊಡಿಸುವ ಏರ್ಪಾಡು ಈ ಪತ್ರಗಳಲ್ಲಿದೆ. ಯುದ್ಧದ ನಡುವೆ ದೊರೆಯೊಬ್ಬ ಮಠದ ಹರಕೆಯನ್ನು ಬೇಡುವ ಒಕ್ಕಣೆಯೂ ಇದೆ. ಇದನ್ನು ಕೆಲವರು ಭಕ್ತಿ ಎನ್ನುತ್ತಾರೆ, ಕೆಲವರು ಲೆಕ್ಕಾಚಾರ ಎನ್ನುತ್ತಾರೆ. ಎರಡೂ ಕಡೆಯವರು ಒಂದೆರಡು ಸಾಲು ಹರಿದುಕೊಂಡು ಹೋಗಿ ಜಗಳವಾಡುವುದನ್ನು ನೋಡಿ ನನಗೆ ನೋವಾಗುತ್ತದೆ. ಕಟ್ಟನ್ನು ಕಟ್ಟಾಗಿ, ಪತ್ರದ ಮೇಲೆ ಪತ್ರವಾಗಿ, ಅದೇ ವರ್ಷದ ಪೇಶ್ವೆ ದಫ್ತರದ, ಅಂದರೆ ಪುಣೆಯ ಪೇಶ್ವೆಗಳ ಕಚೇರಿಯ, ಮೋಡಿ ಲಿಪಿಯ ಮರಾಠಿ ಕಾಗದಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕು. ಪುಣೆಯ ಆ ದಫ್ತರದಲ್ಲಿ ಕಾಗದಗಳನ್ನು ಬಟ್ಟೆಯಲ್ಲಿ ಸುತ್ತಿ ರುಮಾಲು ರುಮಾಲಾಗಿ ಇಟ್ಟಿದ್ದಾರೆ. ಜಿ. ಎಸ್. ಸರದೇಸಾಯಿಯವರು ಅಲ್ಲಿಂದ ಆರಿಸಿ 45 ಸಂಪುಟ ಹೊರತಂದರೂ ಆರಿಸದೆ ಉಳಿದದ್ದೇ ಬೆಟ್ಟದಷ್ಟಿದೆ. ಮೋಡಿ ಲಿಪಿ ಕಲಿತ ಒಬ್ಬ ಕನ್ನಡ ವಿದ್ಯಾರ್ಥಿ ಅಲ್ಲಿ ಒಂದು ವರ್ಷ ಕುಳಿತರೆ ಶ್ರೀರಂಗಪಟ್ಟಣದ ಬಗ್ಗೆ, ಕಿತ್ತೂರಿನ ಬಗ್ಗೆ, ಸವಣೂರಿನ ಬಗ್ಗೆ ಹೊಸ ಮಾತು ಹೇಳಬಲ್ಲ.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಿಬಿಡುತ್ತೇನೆ. ತಾರೀಖು ಹೊಂದಿಸುವುದರಲ್ಲಿ ಆತುರ ಬೇಡ. ಟಿಪ್ಪು ತನ್ನದೇ ಮೌಲೂದಿ ಶಕೆಯನ್ನು ಜಾರಿಗೆ ತಂದ, ತಿಂಗಳಿಗೂ ವರ್ಷಕ್ಕೂ ಹೊಸ ಹೆಸರಿಟ್ಟ. ಆ ಪಂಚಾಂಗ ನಮ್ಮ 60 ಸಂವತ್ಸರಗಳ ಚಕ್ರವನ್ನೇ ಅನುಸರಿಸಿ ನಡೆಯುತ್ತದೆ. ಆದ್ದರಿಂದ ಪಂಚಾಂಗ ನೋಡಲು ಬರುವ ಅಜ್ಜ ಮನೆಯಲ್ಲಿದ್ದರೆ ನಿಮಗೆ ಅರ್ಧ ಕೆಲಸ ಹಗುರ.

ಟಿಪ್ಪುವಿನ ನಂತರದ ಮೈಸೂರಿನ ಕಾಗದಗಳನ್ನು ಹುಡುಕುವವರು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಯಾವ ಇಲಾಖೆಯ ಸೂಚಿ ತೆರೆಯಬೇಕು? ವಿದೇಶಾಂಗ ಇಲಾಖೆ. ಬೆಂಗಳೂರು, ಶಿವಮೊಗ್ಗ, ಚಿತ್ರದುರ್ಗಗಳ ವಿಷಯವನ್ನು ‘ವಿದೇಶ’ ಎಂಬ ತಲೆಬರಹದಡಿ ಹುಡುಕುವುದು ಮೊದಲ ಸಲ ವಿಚಿತ್ರವೆನಿಸುತ್ತದೆ. ಆದರೆ ಸಂಸ್ಥಾನಗಳನ್ನು ಕಲ್ಕತ್ತೆಯ ಸರ್ಕಾರ ನೋಡಿದ್ದೇ ಹಾಗೆ: ಒಪ್ಪಂದ ಮಾಡಿಕೊಂಡ ಪರರಾಜ್ಯ, ಅದೇ ಕಾಲಕ್ಕೆ ತನ್ನ ಮುಷ್ಟಿಯೊಳಗಿನ ರಾಜ್ಯ. 8 ಜುಲೈ 1799ರ ಒಪ್ಪಂದದಲ್ಲಿ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ವರ್ಷಕ್ಕೆ ಏಳು ಲಕ್ಷ ಪಗೋಡಗಳ (ಚಿನ್ನದ ನಾಣ್ಯ) ಪೊಗದಿ, ಅಂದರೆ ಕಪ್ಪ, ಬರೆಸಿಕೊಂಡದ್ದೂ ಈ ಇಬ್ಬಗೆಯ ಭಾಷೆಯಲ್ಲಿಯೇ.

1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿದರು, ದಂಗೆ ಎದ್ದಿತು, 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ಮಹಾರಾಜರ ಕೈಯಿಂದ ತೆಗೆದುಕೊಂಡ. ನಾಲ್ವರ ವಿಚಾರಣಾ ಸಮಿತಿ 1833ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಅದನ್ನು ಓದಿದ ಮೇಲೆ 1834ರಲ್ಲಿ ಬೆಂಟಿಂಕನೇ, ನಗರ, ಚಿತ್ರದುರ್ಗ, ಮಂಜರಾಬಾದ್ ಸೀಮೆಗಳನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಮರಳಿಸೋಣ ಎಂದು ಸೂಚಿಸಿದ. ಲಂಡನ್ನಿನ ಕಂಪನಿ ನಿರ್ದೇಶಕರು ಒಪ್ಪಲಿಲ್ಲ. ಪಠ್ಯಪುಸ್ತಕದಲ್ಲಿ 1831ರ ಒಂದು ಸಾಲು ಮಾತ್ರ ಉಳಿಯುತ್ತದೆ. ತೆಗೆದುಕೊಂಡವನೇ ಮೂರು ವರ್ಷದೊಳಗೆ ಅಳುಕಿದ ಎಂಬುದು ತಿಳಿಯಬೇಕಾದರೆ ಕಾಗದ ಬಿಚ್ಚಬೇಕು. ಆ ವರದಿಯಲ್ಲಿ ರೈತರ ದೂರುಗಳೂ ಇವೆ, ಆದರೆ ಕನ್ನಡದಿಂದ ಇಂಗ್ಲಿಷಿಗೆ ದಾಟಿ, ಅಧಿಕಾರಿಯ ವಾಕ್ಯರಚನೆ ತೊಟ್ಟು ಬಂದಿವೆ. ಅನುವಾದದ ಅಡಿಯಲ್ಲಿ ಶಾನುಭೋಗನ, ಅಮಲ್ದಾರನ, ಗೌಡನ ಮಾತಿನ ಜಾಡು ಹಿಡಿಯುವುದು ಕನ್ನಡ ಬಲ್ಲವರು ಮಾತ್ರ ಮಾಡಬಹುದಾದ ಕೆಲಸ.

ಮುಮ್ಮಡಿಯವರು ಆಮೇಲೆ ಮೂರು ದಶಕಕ್ಕೂ ಹೆಚ್ಚು ಕಾಲ ರಾಜ್ಯ ಮರಳಿ ಕೇಳುತ್ತಲೇ ಇದ್ದರು. ಕೇಳಿದ್ದು ಖರೀತಗಳ ಮೂಲಕ. ಖರೀತವೆಂದರೆ ಮೂಲದಲ್ಲಿ ಜರತಾರಿ ಚೀಲ. ಚೀಲದೊಳಗೆ ಬಂದ ರಾಜಪತ್ರಕ್ಕೂ ಅದೇ ಹೆಸರು ಅಂಟಿತು. ಇಂಥ ಕಡತವನ್ನು ತೆರೆದರೆ ಮೊದಲು ರೆಸಿಡೆಂಟ್ ಅಥವಾ ಕಮಿಷನರನ ರವಾನೆ ಪತ್ರ, ಆಮೇಲೆ ಕಾರ್ಯದರ್ಶಿಯ ಟಿಪ್ಪಣಿ, ಕೌನ್ಸಿಲ್ ಸದಸ್ಯರ ಅಭಿಪ್ರಾಯ, ಉತ್ತರದ ಕರಡು, ಕೊನೆಗೆ ಹೋದ ಉತ್ತರ. ನಾನು ವಿದ್ಯಾರ್ಥಿಗಳಿಗೆ ಕರಡನ್ನು ಮೊದಲು ಓದಿ ಎನ್ನುತ್ತೇನೆ. ಹೊಡೆದುಹಾಕಿದ ಸಾಲು, ಅಂಚಿನಲ್ಲಿ ಬೇರೆ ಕೈ ಬರೆದ ಎರಡು ಪದ, ‘ವಿಷಾದ’ ಇದ್ದಲ್ಲಿ ‘ಗಮನಿಸಲಾಗಿದೆ’ ಎಂದು ತಿದ್ದಿದ ಜಾಗ. ಸರ್ಕಾರ ಒಂದೇ ದನಿಯಲ್ಲಿ ಮಾತಾಡಿತು ಎಂಬ ಭ್ರಮೆ ಅಲ್ಲಿ ಕರಗುತ್ತದೆ. 1865ರಲ್ಲಿ ಮುಮ್ಮಡಿಯವರು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡದ್ದು, ಲಂಡನ್ 1867ರಲ್ಲಿ ಅದನ್ನು ಮಾನ್ಯ ಮಾಡಿದ್ದು, 25 ಮಾರ್ಚ್ 1881ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿದ್ದು, ಇದೆಲ್ಲದರ ಹಿಂದೆ ಇಂಥ ತಿದ್ದುಪಡಿಗಳ ರಾಶಿಯೇ ಇದೆ.

ಯಾವ ಜಿಲ್ಲೆಯ ಕಾಗದ ಎಲ್ಲಿ ಎಂಬುದು ಹೊಸಬರನ್ನು ತಿಂಗಳುಗಟ್ಟಲೆ ಕಾಡುತ್ತದೆ. ಮೈಸೂರು ಸಂಸ್ಥಾನದ್ದು ಬಹುಪಾಲು ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಸಿಗುತ್ತದೆ. ಮಂಗಳೂರು, ಬಳ್ಳಾರಿಗಳದ್ದು ಮದ್ರಾಸ್ ಪ್ರಾಂತದ ದಾಖಲೆಗಳ ಜೊತೆ ಚೆನ್ನೈನ ಎಗ್ಮೋರಿನ ಪತ್ರಾಗಾರದಲ್ಲಿ. ಕಾರವಾರದವರು ಮಾತ್ರ ಎರಡು ಊರು ತಿರುಗಬೇಕು: ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು, ಆದ್ದರಿಂದ ಮೊದಲಿನದು ಚೆನ್ನೈ, ಆಮೇಲಿನದು ಮುಂಬೈ. ಧಾರವಾಡ, ಬೆಳಗಾವಿಗಳಿಗೆ ಮುಂಬೈ ಮತ್ತು ಪುಣೆ. ರಾಯಚೂರು, ಕಲಬುರಗಿ, ಬೀದರಗಳದ್ದು ಹೈದರಾಬಾದಿನ ತಾರ್ನಾಕದ ಪತ್ರಾಗಾರದಲ್ಲಿ, ಪರ್ಷಿಯನ್ ಮತ್ತು ಉರ್ದುವಿನಲ್ಲಿ. ಅದರಲ್ಲೂ ರಾಯಚೂರು ದೋಆಬ್ 1853ರಿಂದ 1860ರವರೆಗೆ ಬ್ರಿಟಿಷರ ಕೈಯಲ್ಲಿತ್ತು. ಆ ಏಳು ವರ್ಷಗಳಿಗೆ ನಿಜಾಮನ ದಫ್ತರ ಹುಡುಕಿದರೆ ಬರಿಗೈ.

ಊರ ಹೆಸರುಗಳನ್ನೂ ಯುರೋಪಿನವರ ಬಾಯಲ್ಲಿ ಹುಡುಕಬೇಕು. ಹೊನ್ನಾವರ ‘ಒನೊರ್’, ಬಸ್ರೂರು ‘ಬಾರ್ಸೆಲೊರ್’, ಬಿದನೂರು ‘ಬೆದ್ನೋರ್’, ಚಿತ್ರದುರ್ಗ ‘ಚಿಟಲ್‌ಡ್ರೂಗ್’. ಪಣಜಿಯ ಗೋವಾ ಪತ್ರಾಗಾರ 1595ರಲ್ಲಿ ಸ್ಥಾಪನೆಯಾದದ್ದು. ಅಲ್ಲಿನ ಮಾನ್ಸೂನ್ ಪುಸ್ತಕಗಳಿಗೆ ಆ ಹೆಸರು ಬಂದದ್ದು ಲಿಸ್ಬನ್ನಿನ ಕಾಗದ ಮಳೆಗಾಳಿಯ ಹಂಗಿನಲ್ಲಿ ಹಡಗಿನಲ್ಲಿ ಬಂದು ಹೋಗುತ್ತಿದ್ದುದರಿಂದ. ‘ನೆರೆಯ ರಾಜರು’ ಎಂಬ ಇನ್ನೊಂದು ಸರಣಿಯಲ್ಲಿ ಗೋವಾ ತನ್ನ ಸುತ್ತಲಿನ ದೊರೆಗಳಿಗೆ ಬರೆದ ಪತ್ರಗಳಿವೆ. ಕೆಳದಿಯವರನ್ನೂ ಸೋದೆಯವರನ್ನೂ ಅಲ್ಲಿ ಭೇಟಿಯಾಗಬಹುದು. ನಮ್ಮ ಅರಸರ ವಂಶಾವಳಿಯಲ್ಲಿ ಯುದ್ಧ ಮತ್ತು ದಾನಗಳಿವೆ, ಮೆಣಸಿನ ದರದ ಚೌಕಾಸಿ ಇಲ್ಲ. ಅದಕ್ಕೆ ಪಣಜಿಗೇ ಹೋಗಬೇಕು.

1623ರಲ್ಲಿ ಗೋವಾದ ರಾಯಭಾರಿಯೊಬ್ಬ ಇಕ್ಕೇರಿಗೆ ಹೊರಟಾಗ ಇಟಲಿಯ ಪಿಯೆತ್ರೊ ದೆಲ್ಲ ವಲ್ಲೆ ಜೊತೆಗಿದ್ದ. ಇಕ್ಕೇರಿಯ ದೊರೆ ವೆಂಕಟಪ್ಪ ನಾಯಕನ ಕಡೆಯ ರಾಯಭಾರಿಯನ್ನು ದೆಲ್ಲ ವಲ್ಲೆ ‘ವಿತುಲಾ ಸಿನಾಯ್’ ಎಂದು ಬರೆದಿದ್ದಾನೆ. ನಮ್ಮ ಕರಾವಳಿಯವರು ಅದನ್ನು ಗಟ್ಟಿಯಾಗಿ ಓದಿದ ಕೂಡಲೇ ವಿಠ್ಠಲ ಶೆಣೈ ಎದ್ದು ಬರುತ್ತಾನೆ. ಪಶ್ಚಿಮ ಘಟ್ಟದ ದಾರಿಯ ಒಂದು ಗುಡಿಯ ಜಗಲಿಯಲ್ಲಿ ಹುಡುಗರು ನೆಲಕ್ಕೆ ಮರಳು ಹರಡಿ, ರಾಗವಾಗಿ ಹೇಳುತ್ತ, ಬೆರಳಿನಿಂದ ಲೆಕ್ಕ ಬರೆಯುವುದನ್ನು ದೆಲ್ಲ ವಲ್ಲೆ ಕಂಡ. ಪಾಠ ಮರೆತರೆ ತಿದ್ದುವವರು ಯಾರು ಎಂಬ ಕುತೂಹಲದಿಂದ ಅವರನ್ನು ಮಾತಾಡಿಸಿದ. ಮೆಣಸಿನ ರಾಜಕಾರಣಕ್ಕೆ ಹೊರಟ ಪಯಣದ ಬರಹದಲ್ಲಿ ನಮ್ಮ ಮಗ್ಗಿಯ ದನಿ ಸಿಕ್ಕಿಬಿಟ್ಟಿದೆ.

ಕಂಪನಿಯ ಮೋಜಣಿ ಅಧಿಕಾರಿ ಕಾಲಿನ್ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳ, ಅಂದರೆ ಊರೂರಿನ ಚರಿತ್ರೆಯ ಹೇಳಿಕೆಗಳ, ಬಗ್ಗೆ ಒಂದು ಮಾತು. ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಸೋದರರು, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ, ಇವರು ಊರೂರು ಅಲೆದು ಕೂಡಿಸಿದ್ದರಿಂದಲೇ ಆ ಸಂಗ್ರಹವಾಯಿತು. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿಕೊಟ್ಟಿದ್ದಾರೆ. ಓದುವಾಗ ಒಂದು ಮರೆಯಬೇಡಿ: ಹೊಸ ದೊರೆಗಳ ಕಡೆಯವರು ಬಂದು ಕೇಳುತ್ತಿದ್ದಾರೆ, ಹೇಳುವವರಿಗೆ ತಮ್ಮ ಇನಾಮು, ಉಂಬಳಿ ಉಳಿಯಬೇಕಿದೆ. ಪ್ರಾಚೀನ ಕಾಲದ ಕಥೆಯೊಳಗೆ 1800ರ ಆಸುಪಾಸಿನ ಆತಂಕ ಮಿಡಿಯುತ್ತದೆ.

ದೆಹಲಿಯ ದಾಖಲೆಗಳಲ್ಲಿ ಎಷ್ಟೋ ಈಗ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಮನೆಯಿಂದಲೇ ಸಿಗುತ್ತವೆ. ಮಸ್ಕತ್, ಬಸ್ರಾಗಳಿಗೆ ಸಂಬಂಧಿಸಿದ ಲಂಡನ್ ಕಾಗದಗಳನ್ನು ಕತಾರ್ ಡಿಜಿಟಲ್ ಲೈಬ್ರರಿ ತೆರೆದಿಟ್ಟಿದೆ. ಬಡ ವಿದ್ಯಾರ್ಥಿಗೆ ಲಂಡನ್ ದೂರವಾಗಿದ್ದ ಕಾಲ ಕಳೆಯುತ್ತಿರುವುದು ನನಗೆ ತುಂಬು ಸಂತೋಷ ಕೊಟ್ಟಿದೆ. ಹತ್ತಿರದ ಕಾಗದಗಳದ್ದೇ ಚಿಂತೆ. ಒಂದು ಕಚೇರಿಯಲ್ಲಿ ನಾನು ಕೇಳಿದ ಕಟ್ಟು ಮೂರು ದಿನ ಕಾದ ಮೇಲೆ ಬಂತು. ದಾರ ಬಿಚ್ಚಿದರೆ ಮೇಲಿನ ಮತ್ತು ಕೆಳಗಿನ ಹಾಳೆ ಗಟ್ಟಿಯಾಗಿದ್ದವು, ನಡುವೆ ಗೆದ್ದಲು ಮಣ್ಣು. ನಾನು ಆ ಮಣ್ಣನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ.

ಉಪನ್ಯಾಸ ಮುಗಿದ ಮೇಲೆ ತೀರ್ಥಹಳ್ಳಿ ಕಡೆಯ ವಿದ್ಯಾರ್ಥಿನಿಯೊಬ್ಬರು ಎದ್ದು ನಿಂತು, ‘ಸರ್, ನಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಕಪ್ಪು ರಟ್ಟಿನಂಥ ಮಡಿಕೆಗಳಿವೆ, ಏನು ಮಾಡಲಿ?’ ಎಂದು ಕೇಳಿದರು. ಅವರಿಗೆ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಅಕ್ಷರ ಹೋಗುತ್ತದೆ. ಎಣ್ಣೆ ಹಚ್ಚಬೇಡಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡಿ. ಯಾವುದರ ಮೇಲೆ ಯಾವುದಿತ್ತು ಎಂಬ ಕ್ರಮ ಕೆಡದಂತೆ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಮಳೆಗಾಲದ ಮೊದಲು ಅಟ್ಟದಿಂದ ಇಳಿಸಿ. ಬೆಳಗಿನ ಹೊತ್ತು ಕಿಟಕಿಯ ಪಕ್ಕ ಓರೆಯಾಗಿ ಹಿಡಿದು ಮೊಬೈಲಿನಲ್ಲಿ ಒಂದೊಂದೇ ಮಡಿಕೆಯ ಚಿತ್ರ ತೆಗೆಯಿರಿ. ಮನೆಯಲ್ಲಿ ಹಿರಿಯರಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ಹೆಸರುಗಳನ್ನು ಅವರು ಗುರುತು ಹಿಡಿಯುತ್ತಾರೆ.

ಕಳೆದ ವಾರ ಅವರಿಂದ ಮೊದಲ ಚಿತ್ರ ಬಂದಿದೆ. ಮೇಲ್ತುದಿಯಲ್ಲಿ ಸಂವತ್ಸರದ ಹೆಸರು ಅರ್ಧ ಅಳಿಸಿದೆ. ಕೆಳಗೆ ಅಡಿಕೆಯ ಲೆಕ್ಕ, ಅದರ ಕೆಳಗೆ ‘ನಗರಕ್ಕೆ ಹೋದ ಹರಕಾರಗೆ’ ಎಂದು ಬರೆದು ಎರಡು ಹಣ.